ಮೊದಲ ಕರೆ ಯಾರಿಗೆ

ಜುಲೈ 7, ಸೋಮವಾರ

ಈ ನೋಟ್‌ಬುಕ್ ಕೊಂಡದ್ದು ಆಫೀಸಿನ ಕೆಲಸಕ್ಕೆ. ಮೊದಲ ಪುಟದಲ್ಲಿ ‘ಮೂರು ಟೂಲ್‌ಗಳ ಹೋಲಿಕೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆಮೇಲೆ ಯಾಕೋ ಪುಸ್ತಕ ತಿರುಗಿಸಿ ಕೊನೆಯ ಪುಟದಿಂದ ಇದನ್ನು ಶುರು ಮಾಡಿದ್ದೇನೆ. ಈ ಪುಣೆಯಲ್ಲಿ ಬೆಳಗ್ಗೆಯಿಂದ ಕನ್ನಡದಲ್ಲಿ ಒಂದೇ ಒಂದು ಮಾತು ಆಡಿರಲಿಲ್ಲ, ಅದಕ್ಕಿರಬಹುದು.

ನಿನ್ನ ಕೆಲಸ ಏನೆಂದು ಅಮ್ಮ ಕೇಳಿದಾಗಲೆಲ್ಲ ನಾನು ಹೇಳುವುದು ಇಷ್ಟೇ: ಔಷಧ ಗೋದಾಮುಗಳಲ್ಲಿ ಶೀತಕೋಣೆಗಳಿರುತ್ತವೆ, ಅಲ್ಲಿ ಬಿಸಿ ಏರಿದರೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ, ನಾನು ಎತ್ತಿ ಸರಿ ಮಾಡಿಸುತ್ತೇನೆ. ನಾನು ಎತ್ತದಿದ್ದರೆ ಐದು ನಿಮಿಷದ ಮೇಲೆ ಎರಡನೆಯವರಿಗೆ ಕರೆ ಹೋಗಬೇಕು. ಆ ಎರಡನೆಯವರು ಯಾರು ಎಂದು ಅಮ್ಮ ಕೇಳುವುದಿಲ್ಲ. ಯಾರೂ ಇಲ್ಲ. ಎರಡನೆಯ ಜಾಗದಲ್ಲಿ ನನ್ನದೇ ಇನ್ನೊಂದು ನಂಬರ್ ಇದೆ. ನವೆಂಬರಿನಿಂದ ಹೀಗೇ ನಡೆದಿದೆ.

ಇವತ್ತು ನಮ್ಮ ಮ್ಯಾನೇಜರ್ ಶೀತಲ್ ಮೇಡಂ ಕರೆದರು. ಇಂಗ್ಲಿಷಿನಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವವರು ಅವರು. ಈ ಕರೆ ಮಾಡುವ ಸಾಫ್ಟ್‌ವೇರ್ ಟೂಲ್ ಹಳೆಯದಾಯಿತು, ಮೂರು ಹೊಸವನ್ನು ಬಳಸಿ ನೋಡಿ ಆಗಸ್ಟ್ 14ಕ್ಕೆ ವರದಿ ಕೊಡು ಅಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: ನನ್ನ ಕೈಕೆಳಗಿನ ದೇವಾನಂದನ ನೌಕರಿ ಖಾಯಂ ಮಾಡುವುದೋ, ಮನೆಗೆ ಕಳಿಸುವುದೋ, ಅದೂ ಅವತ್ತೇ ತೀರ್ಮಾನ, ಅವನ ಬಗ್ಗೆ ನಿನ್ನ ಅಭಿಪ್ರಾಯ ಬರೆದು ಕೊಡಬೇಕು.

ಅಭಿಪ್ರಾಯಕ್ಕೇನು, ಬರೆದಿಟ್ಟ ಹಾಗೇ ಇದೆ. ಫೋನ್ ಎತ್ತದವನು ಈ ಕೆಲಸಕ್ಕೆ ಆಗುವುದಿಲ್ಲ.

ಜುಲೈ 10, ಗುರುವಾರ

ಮೊದಲನೆಯ ಟೂಲ್‌ಗೆ ಬಾಯಿಬಡುಕ ಎಂದು ಹೆಸರಿಟ್ಟಿದ್ದೇನೆ. ಸಾತಾರಾದ ಒಂದು ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಅಷ್ಟೇ. ಅದಕ್ಕೆ ಮೂವತ್ತೆಂಟು ಸಲ ಕರೆ ಮಾಡಿತು. ಒಂದು ತೊಂದರೆಗೆ ಒಂದು ಕರೆ ಸಾಕು ಎನ್ನುವ ಬುದ್ಧಿ ಅದಕ್ಕಿಲ್ಲ. ಹೋಲಿಕೆಯ ಪಟ್ಟಿಯಲ್ಲಿ ‘ಒಂದೇ ಕಾರಣದ ಎಚ್ಚರಿಕೆಗಳನ್ನು ಒಟ್ಟುಗೂಡಿಸುತ್ತದೆಯೇ’ ಎಂಬುದರ ಎದುರು ‘ಇಲ್ಲ’ ಎಂದು ಬರೆದೆ.

ಆಗ ನಾನು ಸ್ನಾನ ಮಾಡುತ್ತಿದ್ದೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಲ್ಲಿಗೆ ನೇತುಹಾಕಿರುತ್ತೇನೆ. ತಲೆ ತುಂಬ ಶಾಂಪೂ ಇಟ್ಟುಕೊಂಡೇ ಗೋದಾಮಿನವನ ಜೊತೆ ಮರಾಠಿಯಲ್ಲಿ ಮಾತಾಡಿದೆ. ಪಾಪ, ಅವನು ನೀರಿನ ಸದ್ದು ಕೇಳಿ, ‘ತಾಈ, ನಿಮ್ಮ ಕೋಥರೂಡದಲ್ಲಿ ಮಳೆ ಜೋರಾ?’ ಅಂದ. ಹೌದು ಅಂದೆ.

ಜುಲೈ 13, ಭಾನುವಾರ

ಆಫೀಸಿನವರ ಗ್ರೂಪಿನಲ್ಲಿ ಸಿಂಹಗಡದ ಕೋಟೆ ಹತ್ತಿದ ಫೋಟೊಗಳು. ಮೊದಲು ನನ್ನನ್ನೂ ಕರೆಯುತ್ತಿದ್ದರು. ಮೇಲೆ ಸಿಗ್ನಲ್ ಹೋಗುತ್ತದೆ ಎಂದು ನಾಲ್ಕು ಸಲ ನಾನೇ ಬರಲ್ಲ ಅಂದೆ, ಐದನೆಯ ಸಲ ಅವರು ಕೇಳಲಿಲ್ಲ. ತಪ್ಪು ಅವರದಲ್ಲ. ಆದರೂ ಹೊಟ್ಟೆ ಉರಿಯಿತು.

ಮಧ್ಯಾಹ್ನ ಅಮ್ಮನ ಫೋನ್. ಏನು ತಿಂದೆ ಅಂದಳು. ಮ್ಯಾಗಿ ಎನ್ನಲಾಗದೆ ಮುದ್ದೆ, ಸೊಪ್ಪಿನ ಸಾರು ಅಂದೆ.

‘ಸುಳ್ಳು ಹೇಳ್ಬೇಡ. ಹೋದ ತಿಂಗಳೇ ರಾಗಿ ಹಿಟ್ಟು ಖಾಲಿಯಾಯ್ತು ಅಂದಿದ್ದೆ.’

ನಗು ಬಂತು. ಅಷ್ಟರಲ್ಲಿ ಬಾಯಿಬಡುಕನ ಕರೆ, ಅಮ್ಮನ ಕರೆ ಕತ್ತರಿಸಿದೆ. ನೋಡಿದರೆ ಏನೂ ಆಗಿರಲಿಲ್ಲ. ತಿರುಗಿ ಮಾಡುವಷ್ಟರಲ್ಲಿ ಅವಳು ಯಾರದೋ ಮನೆಯ ಸೀಮಂತಕ್ಕೆ ಹೊರಟಾಗಿತ್ತು. ಇಡೀ ಸಂಜೆ ಬಾಲ್ಕನಿಯಲ್ಲಿ ಕೂತೆ. ದೂರದಲ್ಲಿ ಗಣೇಶನ ಹಬ್ಬಕ್ಕೆ ಢೋಲು ತಾಶೆ ಬಾರಿಸುವವರ ಪ್ರಾಕ್ಟೀಸ್. ಆ ಸದ್ದಿನಲ್ಲಿ ಫೋನ್ ಕೇಳಿಸದೆ ಹೋದೀತು ಎಂದು ಒಳಗೆ ಬಂದು ಕಿಟಕಿ ಹಾಕಿಕೊಂಡೆ.

ಜುಲೈ 21, ಸೋಮವಾರ

ಎರಡನೆಯ ಟೂಲ್ ಸಂಭಾವಿತ. ಎಲ್ಲವನ್ನೂ ಅಚ್ಚುಕಟ್ಟಾಗಿ ಸೇರಿಸಿ, ಮೊದಲು ಒಂದು ಸಂದೇಶ ಕಳಿಸಿ, ಎರಡು ನಿಮಿಷ ಕಾದು, ಆಮೇಲೆ ಕರೆ ಮಾಡುತ್ತದೆ. ಆದರೆ ಅದಕ್ಕೊಂದು ಹಟವಿದೆ. ಎರಡನೆಯ ಜಾಗದಲ್ಲಿ ನನ್ನದೇ ನಂಬರ್ ಹಾಕಿದರೆ ಒಪ್ಪುವುದಿಲ್ಲ. ‘ಬೇರೊಬ್ಬ ವ್ಯಕ್ತಿಯನ್ನು ಸೇರಿಸಿ’ ಎಂದು ಕೆಂಪಕ್ಷರದಲ್ಲಿ ಹೇಳುತ್ತದೆ.

ಅದನ್ನೇ ದಿಟ್ಟಿಸುತ್ತಾ ಕೂತಿದ್ದೆ. ದೇವಾನಂದ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

‘ನನ್ನ ಹೆಸರ ಹಾಕ್ರಿ ಮೇಡಂ. ಟ್ರಯಲ್ ಅದ, ನೋಡೂಣು.’

ಬೇಕಿಲ್ಲ ಎಂದು ಇಂಗ್ಲಿಷಿನಲ್ಲಿ ಅಂದೆ. ನವೆಂಬರಿನಿಂದ ನಾನು ಅವನ ಜೊತೆ ಇಂಗ್ಲಿಷೇ ಆಡುವುದು. ಅವನು ಮಾತ್ರ ಕನ್ನಡ ಬಿಟ್ಟಿಲ್ಲ. ಆಳಂದದ ಕಡೆಯವರು, ಅಪ್ಪ ಜಟ್ಟೆಪ್ಪ ಗಾರೆ ಕೆಲಸದ ಗೌಂಡಿ, ಇಲ್ಲೇ ಬಿಬವೇವಾಡಿಯಲ್ಲಿ ಮನೆ. ಇಪ್ಪತ್ತಾರು ವರ್ಷ. ಗಳಿಗೆಗೊಮ್ಮೆ ಫೋನ್ ತೆಗೆದು ಅದರ ಸೌಂಡ್ ಪೂರ್ತಿ ಇದೆಯೇ ಎಂದು ನೋಡುವ ಚಟ ಬೇರೆ.

ನವೆಂಬರಿನದನ್ನು ಬರೆದಿಡುತ್ತೇನೆ, ಅಭಿಪ್ರಾಯ ಬರೆಯುವಾಗ ಬೇಕಾಗುತ್ತದೆ. ಹತ್ತನೇ ತಾರೀಕು, ಭಾನುವಾರ. ನಾನು ಚಿಕ್ಕಪ್ಪನ ಮಗಳ ಮದುವೆ ಮುಗಿಸಿ ಊರಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವತ್ತು ಮೊದಲನೆಯ ಜಾಗದಲ್ಲಿ ಅವನು, ಎರಡನೆಯದರಲ್ಲಿ ನಾನು. ಮಧ್ಯಾಹ್ನ ಚಾಕಣದ ಗೋದಾಮಿನಲ್ಲಿ ಕಂಪ್ರೆಸರ್ ನಿಂತಿತು. ಟೂಲ್ ಅವನಿಗೆ ಮೂರು ಸಲ ಕರೆ ಮಾಡಿತು, ಎತ್ತಲಿಲ್ಲ. ನನಗೆ ಬಂದಾಗ ಘಾಟಿನಲ್ಲಿ ಸಿಗ್ನಲ್ ಇರಲಿಲ್ಲ. ಎರಡು ಗಂಟೆಯಲ್ಲಿ ಮಕ್ಕಳ ಲಸಿಕೆಯ ಡಬ್ಬಗಳೆಲ್ಲ ಹಾಳಾದವು. ಮರುದಿನದ ಮೀಟಿಂಗಿನಲ್ಲಿ ನನಗೆ ಫೋನೇ ಬಂದಿಲ್ಲ ಅಂದ. ದಾಖಲೆಯಲ್ಲಿ ಅವನ ಹೆಸರು ಮೂರು ಸಲ ಇತ್ತು. ‘ಮಲಗಿದ್ದಿರಾ?’ ಎಂದು ಎಲ್ಲರ ಮುಂದೆ ಕೇಳಿದೆ. ಕೆಲವರು ನಕ್ಕರು. ಅವತ್ತೇ ಅವನ ಹೆಸರು ತೆಗೆದು ಎಲ್ಲ ಕರೆಗಳನ್ನೂ ನನ್ನ ಮೇಲೆ ಹಾಕಿಕೊಂಡೆ.

ಜುಲೈ 22, ಮಂಗಳವಾರ

ಸಂಭಾವಿತನಿಗೆ ಎರಡನೆಯ ಹೆಸರು ಕೊಡಲೇಬೇಕಿತ್ತು. ಫೋನಿನಲ್ಲಿರುವ ಹೆಸರುಗಳನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ಗ್ಯಾಸಿನವನು, ಕ್ಯಾಬಿನ ಡ್ರೈವರುಗಳು, ಮದುವೆಯಾಗಿ ಹೋದ ಗೆಳತಿಯರು. ಕೊನೆಗೆ ಅಮ್ಮನ ನಂಬರ್ ಹಾಕಿದೆ. ಹೇಗಿದ್ದರೂ ನಾನು ಎತ್ತದೆ ಇರುವುದಿಲ್ಲ.

ಜುಲೈ 24, ಗುರುವಾರ

ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡೆ. ಆರು ನಿಮಿಷ, ಸಿಗ್ನಲ್ ಇಲ್ಲ. ಸಂಭಾವಿತ ಅಮ್ಮನಿಗೆ ಕರೆ ಮಾಡಿಬಿಟ್ಟಿದೆ.

‘ಯಾರೋ ಹೆಂಗಸು ಇಂಗ್ಲಿಷಲ್ಲಿ ಏನೋ ಹೇಳ್ತಾಳೆ, ಮಧ್ಯೆ ನಿನ್ನ ಹೆಸರು ಹೇಳ್ತಾಳೆ. ನಿಂಗೇನೋ ಆಗೋಯ್ತು ಅಂತ ಎದೆ ಒಡೆದೋಯ್ತು ಕಣೇ. ಅಲ್ಲಿ ಯಾರಿಗೆ ಫೋನ್ ಮಾಡಿ ಕೇಳ್ಬೇಕು ಅಂತಾನೂ ನಂಗೆ ಗೊತ್ತಿಲ್ಲ.’

ಅಮ್ಮ ಅಳುತ್ತಿದ್ದಳು. ಅವಳ ಹೆಸರು ಹಿಡಿದು, ಮುನಿಯಮ್ಮ ಅತ್ತರೆ ಇಡೀ ಬೀದಿಗೆ ಕೇಳಿಸುತ್ತದೆ ಎಂದು ತಮಾಷೆ ಮಾಡಿದೆ. ಆಮೇಲೆ ನಾನೂ ಅತ್ತೆ, ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ ಕೂತು. ಅವಳಿಗೆ ಹೇಳಲು ಪುಣೆಯ ಒಂದು ನಂಬರೂ ನನ್ನ ಬಳಿ ಇರಲಿಲ್ಲ.

ಜುಲೈ 30, ಬುಧವಾರ

ಮೂರನೆಯದು ಗುಮಾಸ್ತ. ನೋಡಲು ಚೆನ್ನಾಗಿಲ್ಲ, ಬಣ್ಣವಿಲ್ಲ, ಆದರೆ ಎಲ್ಲವನ್ನೂ ಬರೆದಿಡುತ್ತದೆ. ಯಾರಿಗೆ, ಯಾವ ನಂಬರಿಗೆ, ಎಷ್ಟು ಸೆಕೆಂಡು, ಏನು ಉತ್ತರ. ಹಳೆಯ ಟೂಲಿನಲ್ಲಿ ಹೆಸರು ಮಾತ್ರ ಕಾಣುತ್ತಿತ್ತು.

ಹಳೆಯ ಪಟ್ಟಿಯನ್ನು ಅದಕ್ಕೆ ಸುರಿದೆ. ತೆಗೆದುಹಾಕಿದ ಹೆಸರುಗಳೂ ಬಂದವು. ದೇವಾನಂದನದೂ ಬಂತು. ಪರೀಕ್ಷೆಗೆಂದು ಎಲ್ಲರಿಗೂ ಒಂದೊಂದು ಕರೆ ಮಾಡುವ ಗುಂಡಿ ಒತ್ತಿದೆ. ನನ್ನ ಫೋನ್ ಹೊಡೆದುಕೊಂಡಿತು. ಅವನಿಗೆ ಕರೆ ಹೋಗುತ್ತಿದೆ ಎಂದು ಪರದೆಯ ಮೇಲೆ ಬಂತು. ಅವನು ನನ್ನ ಎದುರಿನ ಮೇಜಿನಲ್ಲೇ ಕೂತಿದ್ದ. ಫೋನ್ ಊಟದ ಡಬ್ಬಿಯ ಪಕ್ಕದಲ್ಲಿತ್ತು. ಅದು ಮಿಸುಕಲಿಲ್ಲ. ಪರದೆಯ ಮೇಲೆ ‘ಎತ್ತಿದರು’ ಎಂದು ಬಂತು.

ಕರೆಯ ಧ್ವನಿಯನ್ನೂ ಗುಮಾಸ್ತ ಇಟ್ಟುಕೊಂಡಿತ್ತು. ಇಯರ್‌ಫೋನ್ ಹಾಕಿ ಕೇಳಿದೆ. ಯಾರೋ ವಯಸ್ಸಾದ ಹೆಂಗಸು, ಮರಾಠಿ. ‘ಯಾವ ಗೋದಾಮು? ಇದು ರಾಂಗ್ ನಂಬರ್ ಮಗೂ.’

ನಂಬರ್ ನೋಡಿದೆ. ನನ್ನ ಫೋನಿನಲ್ಲಿರುವ ಅವನ ನಂಬರ್ ನೋಡಿದೆ. ಎರಡೂ ಬೇರೆ.

ಜುಲೈ 31, ಗುರುವಾರ

ಹಳೆಯ ಮೇಲ್‌ಗಳನ್ನು ಹುಡುಕಿದೆ. ಅಕ್ಟೋಬರ್ 18, ದೇವಾನಂದ: ಬಸ್ಸಿನಲ್ಲಿ ಫೋನ್ ಕಳೆದಿದೆ, ಹೊಸ ನಂಬರ್ ಇದು, ಹಳೆಯದು ಬಂದ್ ಆಗಿದೆ. ಕೆಳಗೆ ನನ್ನ ಉತ್ತರ: ‘ಬದಲಿಸಿದ್ದೇನೆ.’

ನನ್ನ ಫೋನಿನಲ್ಲಿ ಬದಲಿಸಿದ್ದೆ. ಟೂಲಿನಲ್ಲಿ ಬದಲಿಸಿರಲಿಲ್ಲ. ಅಲ್ಲಿ ಬದಲಿಸುವ ಅಧಿಕಾರ ನನಗೊಬ್ಬಳಿಗೇ ಇತ್ತು, ಅವನಿಗೆ ಅದು ಕಾಣುತ್ತಲೂ ಇರಲಿಲ್ಲ. ಬಂದ್ ಆದ ಆ ನಂಬರ್ ಆಮೇಲೆ ಆ ಹೆಂಗಸಿಗೆ ಸಿಕ್ಕಿರಬೇಕು.

ಊಟ ಮಾಡಲಿಲ್ಲ.

ಆಗಸ್ಟ್ 3, ಭಾನುವಾರ

ಮೂರು ದಿನದಿಂದ ತಲೆಯಲ್ಲಿ ವಕೀಲಿ ನಡೆಸಿದ್ದೇನೆ. ಯಾರಿಗೂ ಗೊತ್ತಿಲ್ಲ. ಹಳೆಯ ಟೂಲ್ ಹೇಗೂ ಹೋಗುತ್ತದೆ, ಅದರ ಜೊತೆ ಆ ನಂಬರೂ ಹೋಗುತ್ತದೆ. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ನೌಕರಿ ಉಳಿದೀತು. ಕಾರಣ ಹೇಳಬೇಕಾಗಿಲ್ಲ.

ಆದರೆ ನವೆಂಬರ್ ಹಾಗೇ ಉಳಿಯುತ್ತದೆ. ಖಾಯಂ ಆದರೂ ಅವನು ಫೋನ್ ಎತ್ತದವನೇ.

ಇನ್ನೊಂದು ವಿಷಯ. ಈ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ, ನನ್ನೊಬ್ಬಳಿಗೇ ಬರೆದುಕೊಳ್ಳುವ ಪುಸ್ತಕದಲ್ಲಿ. ಅವತ್ತು ಘಾಟಿನಲ್ಲಿ ಸಿಗ್ನಲ್ ಇತ್ತು. ಮದುವೆ ಮನೆಯಲ್ಲಿ ಮೂರು ದಿನ ನಿದ್ದೆಗೆಟ್ಟಿದ್ದೆ. ಫೋನ್ ಬ್ಯಾಗಿನಲ್ಲಿತ್ತು, ಬ್ಯಾಗ್ ಕಾಲ ಬುಡದಲ್ಲಿತ್ತು. ಎದ್ದಾಗ ಏಳು ಮಿಸ್ಡ್ ಕಾಲ್ ಇದ್ದವು. ಮಲಗಿದ್ದವಳು ನಾನು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಸೀನಿಯರ್ ಅಲ್ಲವೇ.

ಆಗಸ್ಟ್ 6, ಬುಧವಾರ

ಶೀತಲ್ ಮೇಡಂ ಕೇಳಿದರು, ದೇವಾನಂದನ ಬಗ್ಗೆ ಏನು ಬರೀತೀಯ. ಯೋಚಿಸುತ್ತಿದ್ದೇನೆ ಅಂದೆ.

‘ಬಘ, ನೋಡು ಇಂಪನಾ, ಯೋಚಿಸೋಕೆ ಏನಿದೆ? ನವೆಂಬರಿನದು ಎಲ್ಲರಿಗೂ ಗೊತ್ತು. ಆ ಸೀಟಿಗೆ ಬೇರೆಯವರನ್ನ ನೋಡ್ತಿದೀನಿ. ನಿನ್ನ ಎರಡು ಸಾಲು ಸಿಕ್ಕರೆ ಸಾಕು.’

ಎರಡು ಸಾಲು. ತಲೆಯಾಡಿಸಿ ಬಂದುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆ.

ಆಗಸ್ಟ್ 8, ಶುಕ್ರವಾರ

ಹೇಳಿದೆ. ಆಫೀಸಿನ ಗೇಟಿನ ಹೊರಗೆ ಚಹಾದ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದೆ.

‘ದೇವಾನಂದ, ನವೆಂಬರಲ್ಲಿ ನಿಮ್ಮ ತಪ್ಪಿರ್ಲಿಲ್ಲ. ಕರೆ ಹೋಗಿದ್ದು ನಿಮ್ಮ ಹಳೇ ನಂಬರಿಗೆ. ನೀವು ಮೇಲ್ ಹಾಕಿದ್ರಿ. ನಾನು ಬದಲಾಯ್ಸಿರ್ಲಿಲ್ಲ.’

ಅವನು ಚಹಾದ ಗ್ಲಾಸನ್ನು ಗಾಡಿಯ ಮೇಲೆ ಇಟ್ಟ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

‘ಅವತ್ತ ನಾ ಮಲಗಿದ್ದಿಲ್ರಿ. ನಮ್ಮವ್ವನ ಜೋಡಿ ಗೋಧಿ ಹಸನ ಮಾಡ್ಕೋತ ಕುಂತಿದ್ದೆ. ಫೋನ್ ತೊಡಿ ಮ್ಯಾಲ ಇತ್ತು.’

ನಾನು ಹೂಂ ಅಂದೆ.

‘ಮೊದಲಿಗಿ ನನಗ ಖಾತ್ರಿ ಇತ್ರಿ, ಫೋನ್ ಬಂದಿಲ್ಲ ಅಂತ. ನೀವು ದಾಖಲಿ ತೋರಿಸಿದ್ರಿ, ಆಮ್ಯಾಲ ನನ್ನ ಮ್ಯಾಲ ನನಗ ನಂಬಿಕಿ ಹೋತು. ಹೊಡದಿತ್ತೇನೋ, ನನಗ ಕೇಳಿಸಿಲ್ಲೇನೋ ಅಂತ. ದವಾಖಾನಿಗಿ ಹೋಗಿ ಕಿವಿ ತೋರಿಸ್ಕೊಂಡ ಬಂದೇನ್ರಿ ಮೇಡಂ. ಕಿವಿ ಛಲೋ ಅವ ಅಂದ್ರು ಡಾಕ್ಟರು.’

ಗಳಿಗೆಗೊಮ್ಮೆ ಫೋನಿನ ಸೌಂಡ್ ನೋಡುತ್ತಿದ್ದದ್ದು ಇದಕ್ಕೆ. ಅದನ್ನು ನಾನು ಚಟ ಎಂದು ಬರೆದಿದ್ದೇನೆ, ಇದೇ ಪುಸ್ತಕದಲ್ಲಿ.

ನಿಮ್ಮ ಬಗ್ಗೆ ಚೆನ್ನಾಗಿ ಬರೀತೀನಿ, ಶೀತಲ್ ಮೇಡಂಗೆ ಒಬ್ಬರಿಗೇ ಎಲ್ಲ ಹೇಳ್ತೀನಿ ಅಂದೆ. ಅವನು ತಲೆ ಅಲ್ಲಾಡಿಸಿದ.

‘ಎಲ್ಲಾರ ಮುಂದ ಕೇಳಿದ್ರಿ, ಮಲಗಿದ್ರೇನು ಅಂತ. ಇದನ್ನೂ ಎಲ್ಲಾರ ಮುಂದನ ಹೇಳ್ರಿ.’

ಚಹಾ ಅರ್ಧಕ್ಕೆ ಬಿಟ್ಟು ಒಳಗೆ ಹೋದ.

ಆಗಸ್ಟ್ 10, ಭಾನುವಾರ

ಭಯ ಆಗುತ್ತಿದೆ. ಇಲ್ಲಿ ನನಗೆ ಬೇರೆ ಏನೂ ಇಲ್ಲ. ಗೆಳೆಯರಿಲ್ಲ, ಮನೆಯವರಿಲ್ಲ. ಇಂಪನಾ ಇದ್ದರೆ ತಪ್ಪಾಗುವುದಿಲ್ಲ ಅನ್ನುತ್ತಾರಲ್ಲ, ಆ ಹೆಸರೊಂದಿದೆ. ನಾಳೆಯ ಮೀಟಿಂಗಿನಲ್ಲಿ ಅದೂ ಹೋಗುತ್ತದೆ.

ಆಗಸ್ಟ್ 11, ಸೋಮವಾರ

ಮೂರು ಟೂಲ್‌ಗಳ ಹೋಲಿಕೆ ತೋರಿಸಬೇಕಿತ್ತು. ಹನ್ನೊಂದು ಜನ ಕೂತಿದ್ದರು. ಬಾಯಿಬಡುಕ ಬೇಡ ಅಂದೆ, ಕಾರಣ ಹೇಳಿದೆ. ಸಂಭಾವಿತ ಚೆನ್ನಾಗಿದೆ, ಆದರೆ ಕರೆ ಯಾವ ನಂಬರಿಗೆ ಹೋಯಿತೆಂದು ಹೇಳುವುದಿಲ್ಲ ಅಂದೆ. ಅದು ಯಾಕೆ ಮುಖ್ಯ ಎಂದು ಯಾರೋ ಕೇಳಿದರು.

ದೇವಾನಂದನ ಅಕ್ಟೋಬರಿನ ಮೇಲ್ ಪರದೆಗೆ ಹಾಕಿದೆ. ಕೆಳಗೆ ನನ್ನ ಉತ್ತರವಿತ್ತು. ಅದರ ಪಕ್ಕದಲ್ಲಿ ಗುಮಾಸ್ತ ತೋರಿಸಿದ ಹಳೆಯ ನಂಬರ್. ನವೆಂಬರಿನ ಮೂರು ಕರೆಗಳೂ ಬಂದ್ ಆದ ನಂಬರಿಗೆ ಹೋಗಿದ್ದವು, ಅದನ್ನು ಬದಲಿಸಬೇಕಾಗಿದ್ದವಳು ನಾನು, ಅವರಿಗೆ ಫೋನೇ ಬಂದಿರಲಿಲ್ಲ ಅಂದೆ. ಎರಡನೆಯ ಕರೆ ನನಗೆ ಬಂದಿತ್ತು, ನಾನು ಬಸ್ಸಿನಲ್ಲಿ ಮಲಗಿದ್ದೆ, ಅದನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ದೇವಾನಂದ ತಲೆ ಎತ್ತಲಿಲ್ಲ. ಟೇಬಲ್ಲಿನ ಅಂಚನ್ನು ಹೆಬ್ಬೆರಳಿಂದ ಉಜ್ಜುತ್ತಾ ಕೂತಿದ್ದ. ಮೀಟಿಂಗ್ ಮುಗಿದ ಮೇಲೆ ಶೀತಲ್ ಮೇಡಂ ನನ್ನನ್ನು ಕೂರಿಸಿಕೊಂಡರು. ‘ಮೊದಲೇ ನನ್ನ ಹತ್ರ ಬರಬೇಕಿತ್ತು’ ಅಂದರು. ಮೊದಲು ದೇವಾನಂದನ ಹತ್ತಿರ ಹೋಗಬೇಕಿತ್ತು ಅಂದೆ.

ಆಗಸ್ಟ್ 14, ಗುರುವಾರ

ವರದಿ ಕೊಟ್ಟೆ. ಗುಮಾಸ್ತನೇ ಸರಿ ಎಂದು ಬರೆದೆ. ಪ್ರತಿಯೊಬ್ಬರ ನಂಬರೂ ಅವರ ಕಣ್ಣಿಗೆ ಕಾಣಬೇಕು, ತಿಂಗಳಿಗೊಮ್ಮೆ ಎಲ್ಲರಿಗೂ ಪರೀಕ್ಷೆಯ ಕರೆ ಹೋಗಬೇಕು, ಬದಲಿಸುವ ಅಧಿಕಾರ ಒಬ್ಬರ ಕೈಯಲ್ಲಿ ಇರಬಾರದು. ನನ್ನ ಫೈಲಿಗೆ ಎಚ್ಚರಿಕೆಯ ಪತ್ರ ಸೇರಿತು. ಈ ವರ್ಷ ಬಡ್ತಿ ಇಲ್ಲ. ದೇವಾನಂದನಿಗೆ ಖಾಯಂ ಪತ್ರ ಸಿಕ್ಕಿತು. ಅದನ್ನು ಅವನು ಎರಡು ಸಲ ಓದಿ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡ.

ಸಂಜೆ ಅವನ ನಂಬರನ್ನು ಅವನಿಂದಲೇ ಬರೆಸಿದೆ. ನಾನು ಗುಂಡಿ ಒತ್ತಿದೆ.

ಮೇಜಿನ ಮೇಲೆ ಅವನ ಫೋನ್ ಜೋರಾಗಿ ಕೂಗಿತು. ಸೌಂಡ್ ಪೂರ್ತಿ ಇತ್ತಲ್ಲ, ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಅವನು ಎತ್ತಲಿಲ್ಲ. ನೋಡುತ್ತಾ ಕೂತ. ‘ಎತ್ತಿ’ ಅಂದೆ.

‘ತಡೀರಿ ಮೇಡಂ, ಒಂದೀಟು ಹೊಡೀಲಿ’ ಅಂದ.

ಹತ್ತು ಸಲ ಹೊಡೆದುಕೊಂಡ ಮೇಲೆ ಎತ್ತಿದ. ನನ್ನ ಕಡೆ ನೋಡಲಿಲ್ಲ. ಕ್ಷಮಿಸಿ ಅಂತ ನಾನೂ ಕೇಳಲಿಲ್ಲ, ಕ್ಷಮಿಸುವುದು ಅವನಿಗೆ ಬಿಟ್ಟದ್ದು.

ಆಗಸ್ಟ್ 17, ಭಾನುವಾರ

ಇವತ್ತು ಮೊದಲ ಕರೆ ದೇವಾನಂದನಿಗೆ, ಎರಡನೆಯದು ನನಗೆ. ಬೆಳಗ್ಗೆ ಸ್ನಾನದ ಮನೆಯಲ್ಲಿ ಫೋನಿನ ಪ್ಲಾಸ್ಟಿಕ್ ಚೀಲ ಹರಿದಿತ್ತು, ಇನ್ನೊಂದು ಹುಡುಕಬೇಕು ಅಂದುಕೊಂಡು ಮರೆತೆ. ಅಂಗಡಿಗೆ ಹೋಗಿ ರಾಗಿ ಹಿಟ್ಟು ತಂದೆ. ಮುದ್ದೆ ಗಂಟು ಗಂಟಾಯಿತು, ಅಮ್ಮನಿಗೆ ಫೋಟೊ ಕಳಿಸಿದೆ, ಹತ್ತು ನಿಮಿಷ ಬೈದಳು. ದೇವಾನಂದನ ನಂಬರ್ ಅವಳಿಗೆ ಕೊಡಲೇ ಎಂದು ಅವನನ್ನು ಕೇಳಬೇಕು. ಕೇಳಲು ಧೈರ್ಯ ಬಂದಿಲ್ಲ. ಉಂಡು ಸುಮ್ಮನೆ ಹಾಸಿಗೆಯ ಮೇಲೆ ಒರಗಿದೆ.

ಎಚ್ಚರವಾದಾಗ ಸಂಜೆ ಆರೂವರೆ. ಫೋನ್ ಅಡುಗೆಮನೆಯಲ್ಲಿತ್ತು. ಓಡಿಹೋಗಿ ನೋಡಿದೆ.

3:12, ಚಾಕಣ, ಅದೇ ಗೋದಾಮು, ಕಂಪ್ರೆಸರ್ ನಿಂತಿದೆ. ದೇವಾನಂದನಿಗೆ ಕರೆ. ನಾಲ್ಕೇ ಸೆಕೆಂಡಿನಲ್ಲಿ ಎತ್ತಿದರು. 3:29, ಸರಿಯಾಗಿದೆ. ಲಸಿಕೆಗೆ ಏನೂ ಆಗಿಲ್ಲ. ಎರಡನೆಯ ಕರೆ ಹೋಗಿಲ್ಲ.

ಕೆಳಗೆ ಅವನದೊಂದು ಮೆಸೇಜು, ನನಗೆ. ‘ಎಲ್ಲಾ ಬರೋಬ್ಬರಿ ಅದ ರೀ. ನೀವು ಮಲಗ್ರಿ.’

ಕಳಿಸಿದ್ದು 3:31ಕ್ಕೆ. ಅಷ್ಟೊತ್ತಿಗೆ ನಾನು ಮಲಗಿಯಾಗಿತ್ತು.